ಒಂದು ಸರ್ವರ್, ಆರು ಅತಿಥಿಗಳು: ಪ್ರಥಮ ಪಿಯುಸಿಗೆ ಒಂದು ಪ್ರಯೋಗ ಪಾಠ

ಬೋಧನಾಭ್ಯಾಸಕ್ಕೆಂದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಿಗೆ ಹೋಗಿ ಬರುವ ಗಣಕ ವಿಷಯದ ಪ್ರಶಿಕ್ಷಣಾರ್ಥಿಗಳ ದಿನಚರಿಯಲ್ಲಿ ಒಂದು ಸಾಲು ಮತ್ತೆ ಮತ್ತೆ ಕಾಣುತ್ತದೆ: ‘ಮಕ್ಕಳಿಗೆ ಮುಟ್ಟಲು ಬಿಡುವಂತಿಲ್ಲ.’ ಪ್ರಯೋಗಾಲಯದ ಕೋಣೆ ಇದೆ, ಕಂಪ್ಯೂಟರುಗಳಿವೆ. ಆದರೆ ಆಪರೇಟಿಂಗ್ ಸಿಸ್ಟಂ ಅಳವಡಿಸುವುದು, ಡಿಸ್ಕನ್ನು ಭಾಗ ಮಾಡುವುದು, ಬಳಕೆದಾರರನ್ನು ಸೇರಿಸುವುದು, ಇವೆಲ್ಲ ಕರಿಹಲಗೆಯ ಮೇಲೆಯೇ ನಡೆದು ಮುಗಿಯುತ್ತವೆ. ಕೆಟ್ಟರೆ ಸರಿಮಾಡುವವರು ಹೊಸಪೇಟೆಯಿಂದಲೋ ದಾವಣಗೆರೆಯಿಂದಲೋ ಬರಬೇಕು ಎಂಬ ಭಯ ಸುಳ್ಳಲ್ಲ. ಈಜು ಕಲಿಸುವವರು ನೀರಿಗೆ ಇಳಿಸುವುದೇ ಇಲ್ಲ ಎಂಬಂತಾಗಿದೆ ಸ್ಥಿತಿ.

ಈ ಭಯವನ್ನು ಕಡಿಮೆ ಮಾಡುವ ಒಂದು ದಾರಿಯನ್ನು ಪಾಠವಾಗಿಸಿದ ಅನುಭವ ಇಲ್ಲಿದೆ. ಒಂದು ಲಿನಕ್ಸ್ ಸರ್ವರಿನೊಳಗೆ ಹಲವು ವರ್ಚುವಲ್ ಯಂತ್ರಗಳನ್ನು ಎಬ್ಬಿಸಿ, ಪ್ರತಿ ಗುಂಪಿಗೆ ಕೆಡಿಸಲೆಂದೇ ಒಂದು ಯಂತ್ರ ಕೊಡುವುದು. ಪಾಠ ಮಾಡಿದವರು ಎರಡನೆಯ ವರ್ಷದ ಪ್ರಶಿಕ್ಷಣಾರ್ಥಿನಿ. ಅವಲೋಕಕನಾಗಿ ಕುಳಿತವನು ನಾನು. ಅವಧಿ: ನಲವತ್ತೈದು ನಿಮಿಷದ ಎರಡು ತರಗತಿ, ಅನಂತರ ಎರಡು ಗಂಟೆಯ ಪ್ರಾಯೋಗಿಕ. ಪೂರ್ವಜ್ಞಾನವಾಗಿ ಮಕ್ಕಳಿಗೆ ಸಿಪಿಯು, ಮೆಮೊರಿ, ಡಿಸ್ಕ್, ಆಪರೇಟಿಂಗ್ ಸಿಸ್ಟಂ ಎಂಬ ನಾಲ್ಕು ಮಾತುಗಳ ಅರ್ಥ ಗೊತ್ತಿದ್ದರೆ ಸಾಕು. ಆಜ್ಞೆಗಳನ್ನು ಈ ಲೇಖನದಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ಕರಿಹಲಗೆಯ ಮೇಲೆ ಅವನ್ನು ಇಂಗ್ಲಿಷ್ ಸಣ್ಣಕ್ಷರದಲ್ಲೇ, ಅಡ್ಡಗೀಟು ತಪ್ಪದಂತೆ ಬರೆಯಬೇಕು.

ಪದಗಳ ಪ್ರಶ್ನೆ

ಪಾಠ ಯೋಜನೆಯ ಮೊದಲ ಕರಡಿನಲ್ಲಿ ವರ್ಚುವಲ್ ಎಂಬುದಕ್ಕೆ ‘ಮಿಥ್ಯಾ’ ಎಂದಿತ್ತು. ನಾನು ಬೇಡವೆಂದೆ. ಮಿಥ್ಯೆ ಎಂದರೆ ಮಕ್ಕಳ ಮನಸ್ಸಿಗೆ ಬರುವುದು ಸುಳ್ಳು. ಇಲ್ಲಿ ಸುಳ್ಳೇನೂ ಇಲ್ಲ; ಅತಿಥಿ ಯಂತ್ರದೊಳಗೆ ಬರೆದ ಪ್ರೋಗ್ರಾಂ ನಿಜವಾದ ಸಿಪಿಯು ಮೇಲೆಯೇ ಓಡುತ್ತದೆ, ನಿಜವಾದ ಡಿಸ್ಕಿನಲ್ಲೇ ಜಾಗ ತಿನ್ನುತ್ತದೆ. ಆದ್ದರಿಂದ ‘ವರ್ಚುವಲ್ ಯಂತ್ರ’ ಎಂದೇ ಉಳಿಸಿಕೊಂಡೆವು. ಹೋಸ್ಟ್ ಮತ್ತು ಗೆಸ್ಟ್ ಎಂಬ ಜೋಡಿಗೆ ಮಾತ್ರ ಆತಿಥೇಯ, ಅತಿಥಿ ಎಂಬ ಪದಗಳು ಹೇಳಿ ಮಾಡಿಸಿದಂತಿವೆ. ಮನೆ ಆತಿಥೇಯನದು, ಉಣ್ಣುವುದು ಅತಿಥಿ, ಎಷ್ಟು ಬಡಿಸಬೇಕೆಂದು ತೀರ್ಮಾನಿಸುವವನು ಆತಿಥೇಯ.

ತೊಡಗಿಸಿಕೊಳ್ಳುವ ಹಂತದಲ್ಲಿ ಪ್ರಶಿಕ್ಷಣಾರ್ಥಿನಿ ಕೇಳಿದ ಪ್ರಶ್ನೆ ಸರಳವಾಗಿತ್ತು: “ಒಂದೇ ಕಂಪ್ಯೂಟರನ್ನು ಆರು ಜನ ಒಂದೇ ಹೊತ್ತಿಗೆ, ಒಬ್ಬರದು ಇನ್ನೊಬ್ಬರಿಗೆ ಗೊತ್ತಾಗದಂತೆ ಬಳಸಬಹುದೇ?” ಹಿಂದಿನ ಬೆಂಚಿನಿಂದ ಉತ್ತರದ ಬದಲು ಪ್ರಶ್ನೆಯೇ ಬಂತು: “ಮೇಡಂ, ಅದರೊಳಗ ಇನ್ನೊಂದ್ ಕಂಪ್ಯೂಟರ್ ಐತೇನ್ರಿ?” ಅವರು ಇದನ್ನು ಹಿಡಿದುಕೊಳ್ಳಬೇಕಿತ್ತು. ಹಿಡಿಯದೆ, ತಾವು ಸಿದ್ಧಮಾಡಿಕೊಂಡು ಬಂದಿದ್ದ ಬಾಡಿಗೆ ಮನೆಯ ಹೋಲಿಕೆಗೆ ಹೋದರು: ಒಂದು ವಠಾರ, ಆರು ಮನೆ, ಮನೆಗೊಂದು ಬೀಗ. ಹೋಲಿಕೆ ತಪ್ಪಲ್ಲ. ಆದರೆ ಆ ಹುಡುಗನ ಪ್ರಶ್ನೆಗೆ ಉತ್ತರ ಸರ್ವರಿನಲ್ಲೇ ಇತ್ತು, ತೋರಿಸಬಹುದಿತ್ತು.

ಎರಡನೆಯ ತರಗತಿಯಲ್ಲಿ ಅದನ್ನು ಸರಿಪಡಿಸಿಕೊಂಡರು. ಆತಿಥೇಯದಲ್ಲಿ ‘ಟಾಪ್’ ಎಂಬ ಆಜ್ಞೆ ಕೊಟ್ಟು, ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿಯನ್ನು ಪ್ರೊಜೆಕ್ಟರಿನಲ್ಲಿ ತೋರಿಸಿದರು. ಒಂದು ಅತಿಥಿಯನ್ನು ಎಬ್ಬಿಸಿದಾಗ ಪಟ್ಟಿಯಲ್ಲಿ ‘ಕ್ಯೂಎಮು’ ಎಂಬ ಹೆಸರಿನಿಂದ ಆರಂಭವಾಗುವ ಒಂದು ಸಾಲು ಹುಟ್ಟಿತು. ಎರಡನೆಯದನ್ನು ಎಬ್ಬಿಸಿದಾಗ ಎರಡನೆಯ ಸಾಲು. ಅತಿಥಿ ಎಂದರೆ ಆತಿಥೇಯದ ದೃಷ್ಟಿಯಲ್ಲಿ ಇನ್ನೊಂದು ಪ್ರೋಗ್ರಾಂ ಅಷ್ಟೆ. ಆದರೆ ಒಳಗೆ ಕುಳಿತವರಿಗೆ ಅದು ಪೂರ್ತಿ ಒಂದು ಕಂಪ್ಯೂಟರ್. ಈ ಎರಡೂ ಮಾತು ಒಟ್ಟಿಗೆ ನಿಜ ಎಂಬುದು ಮಕ್ಕಳ ಮುಖದಲ್ಲಿ ಮೂಡಿದ ಕ್ಷಣವೇ ಈ ಪಾಠದ ನಡುಗಂಬ. ವಠಾರದ ಚಿತ್ರ ಬಿಡಿಸಲು ಕಳೆದ ಹನ್ನೆರಡು ನಿಮಿಷವನ್ನು ಇಲ್ಲಿ ಕಳೆಯಬಹುದಿತ್ತೆಂದು ಅವಲೋಕನ ಪುಸ್ತಕದಲ್ಲಿ ಬರೆದೆ.

ಹಿನ್ನೆಲೆಗೆ ಐದು ನಿಮಿಷಕ್ಕಿಂತ ಹೆಚ್ಚು ಬೇಡ. ಈ ವಿಚಾರ ಹೊಸದಲ್ಲ. ಐಬಿಎಂ ಕಂಪನಿ ತನ್ನ ದೊಡ್ಡ ಯಂತ್ರಗಳಿಗೆ ವಿಎಂ/370 ಎಂಬ ವ್ಯವಸ್ಥೆಯನ್ನು 1972ರಲ್ಲೇ ಪ್ರಕಟಿಸಿತ್ತು. ನಮ್ಮ ಮೇಜಿನ ಮೇಲಿನ ಕಂಪ್ಯೂಟರುಗಳ ಸಿಪಿಯುಗಳಿಗೆ ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ ಇದಕ್ಕೆ ಬೇಕಾದ ಸೌಲಭ್ಯ ಸೇರಿಸಿದವು. ಅವಿ ಕಿವಿಟಿ ಎಂಬ ತಂತ್ರಜ್ಞ ಕ್ಯುಮ್ರಾನೆಟ್ ಕಂಪನಿಯಲ್ಲಿದ್ದಾಗ ಬರೆದ ಕೆವಿಎಂ 2007ರ ಫೆಬ್ರುವರಿಯಲ್ಲಿ ಲಿನಕ್ಸ್ ಕರ್ನಲ್‌ನ 2.6.20ನೇ ಆವೃತ್ತಿಯೊಳಗೇ ಸೇರಿತು. ಅಂದಿನಿಂದ ಲಿನಕ್ಸ್ ಇರುವ ಯಾವ ಸರ್ವರೂ ಹಣ ಕೊಡದೆ ಆತಿಥೇಯವಾಗಬಹುದು. ಮೂರು ಹೆಸರುಗಳ ಕೆಲಸ ಬೇರೆ ಬೇರೆ ಎಂದು ಹೇಳಿ ಮುಂದೆ ಹೋಗಬೇಕು: ಕೆವಿಎಂ ಸಿಪಿಯುವನ್ನು ಹಂಚುತ್ತದೆ, ಕ್ಯೂಎಮು ಡಿಸ್ಕು, ಜಾಲದ ಕಾರ್ಡು, ಪರದೆ ಮುಂತಾದ ಸಾಧನಗಳ ವೇಷ ಹಾಕುತ್ತದೆ, ಲಿಬ್‌ವರ್ಟ್ ಇವೆಲ್ಲವನ್ನು ನೋಡಿಕೊಳ್ಳುವ ಮೇಸ್ತ್ರಿ.

ಸರ್ವರ್ ಒಪ್ಪುತ್ತದೆಯೇ?

ಅಳವಡಿಕೆಗೆ ಮೊದಲು ಒಂದು ಪರೀಕ್ಷೆ. ‘ಎಲ್‌ಎಸ್‌ಸಿಪಿಯು’ ಆಜ್ಞೆ ಕೊಟ್ಟಾಗ ವರ್ಚುವಲೈಸೇಶನ್ ಎಂಬ ಸಾಲಿನಲ್ಲಿ ಇಂಟೆಲ್ ಆದರೆ ವಿಟಿ-ಎಕ್ಸ್, ಎಎಂಡಿ ಆದರೆ ಎಎಂಡಿ-ವಿ ಎಂದು ಬರಬೇಕು. ಇಷ್ಟಕ್ಕೇ ಸಮಾಧಾನಪಡಬಾರದು. ಸಿಪಿಯುವಿಗೆ ಶಕ್ತಿ ಇದ್ದರೂ ಬಯಾಸ್‌ನಲ್ಲಿ ಅದನ್ನು ಮುಚ್ಚಿಟ್ಟಿರುವ ಕಂಪ್ಯೂಟರುಗಳು ಬಹಳ. ನಮ್ಮದೂ ಹಾಗೇ ಇತ್ತು. ಸಾಫ್ಟ್‌ವೇರ್ ಎಲ್ಲ ಅಳವಡಿಸಿ, ಅತಿಥಿಯೊಂದನ್ನು ಎಬ್ಬಿಸಿದರೆ ಅದು ಆಮೆಯಂತೆ ತೆವಳಿತು. ಕೆವಿಎಂ ಸಿಗದಿದ್ದಾಗ ಕ್ಯೂಎಮು ಸಿಪಿಯುವಿನ ಕೆಲಸವನ್ನೂ ತಾನೇ ನಟಿಸಬಲ್ಲದು. ತಪ್ಪು ಸಂದೇಶ ಬಾರದೆ ಬರೀ ನಿಧಾನವಾಗುವುದರಿಂದ ಕಾರಣ ಹುಡುಕುವುದು ಕಷ್ಟ. ಮರುದಿನ ಬಯಾಸ್ ತೆರೆದು ಆ ಆಯ್ಕೆಯನ್ನು ಚಾಲೂ ಮಾಡಿದ ಮೇಲೆ ಸರಿಹೋಯಿತು. ಪ್ರಶಿಕ್ಷಣಾರ್ಥಿಗಳು ತರಗತಿಯ ಹಿಂದಿನ ದಿನವೇ ‘ವರ್ಟ್-ಹೋಸ್ಟ್-ವ್ಯಾಲಿಡೇಟ್’ ಆಜ್ಞೆ ಕೊಟ್ಟು, ಕೆವಿಎಂ ಸಾಲಿನಲ್ಲಿ ಪಾಸ್ ಎಂದು ಬಂದುದನ್ನು ಕಣ್ಣಾರೆ ನೋಡಿರಬೇಕು.

ಉಬುಂಟು ಸರ್ವರಿನಲ್ಲಿ ಬೇಕಾದ ಕಟ್ಟುಗಳು ನಾಲ್ಕು: ಕ್ಯೂಎಮು-ಕೆವಿಎಂ, ಲಿಬ್‌ವರ್ಟ್‌ನ ಡೀಮನ್, ಅದರ ಕ್ಲೈಂಟ್ ಸಲಕರಣೆಗಳು, ವರ್ಟ್-ಇನ್‌ಸ್ಟಾಲ್. ನಂತರ ನಿಮ್ಮ ಬಳಕೆದಾರ ಹೆಸರನ್ನು ಲಿಬ್‌ವರ್ಟ್ ಗುಂಪಿಗೆ ಸೇರಿಸಬೇಕು, ಒಮ್ಮೆ ಹೊರಬಂದು ಮತ್ತೆ ಲಾಗಿನ್ ಆಗಬೇಕು. ಈ ಮರುಲಾಗಿನ್ ಮರೆತು ‘ಅನುಮತಿ ಇಲ್ಲ’ ಎಂಬ ಸಂದೇಶದೆದುರು ಅರ್ಧ ತರಗತಿ ಕಳೆದವರಿದ್ದಾರೆ. ಸರ್ವರಿಗೆ ಚಿತ್ರಪರದೆ ಬೇಡ. ಬೇರೆ ಕಂಪ್ಯೂಟರಿನಲ್ಲಿ ವರ್ಟ್-ಮ್ಯಾನೇಜರ್ ಹಾಕಿಕೊಂಡು ಅಲ್ಲಿಂದಲೇ ಅತಿಥಿಗಳ ಪರದೆ ನೋಡಬಹುದು.

ಕಾಲುವೆಯ ಕೊನೆ ಭಾಗ

ನಮ್ಮ ಸರ್ವರಿನ ಮೆಮೊರಿ 16 ಜಿಬಿ. ಆರು ಗುಂಪು. “ಪ್ರತಿ ಗುಂಪಿಗೆ ಎಷ್ಟು ಕೊಡೋಣ?” ಎಂದು ಕೇಳಿದಾಗ ತರಗತಿ ಒಕ್ಕೊರಲಿನಿಂದ ಹದಿನಾರನ್ನು ಆರರಿಂದ ಭಾಗಿಸಿತು. ಆತಿಥೇಯನ ಊಟ ಮರೆತೇಹೋಗಿತ್ತು. 4 ಜಿಬಿಯನ್ನು ಸರ್ವರಿಗೇ ಉಳಿಸಿ, ಮಿಕ್ಕ 12ರಲ್ಲಿ ತಲಾ 2 ಜಿಬಿ ಕೊಟ್ಟೆವು. ಪಠ್ಯದ ಪರದೆ ಮಾತ್ರ ಇರುವ ಲಿನಕ್ಸಿಗೆ ಇದು ಧಾರಾಳ.

“ಹೆಚ್ಚು ಬರೆದುಕೊಟ್ಟರೆ ಏನಾಗುತ್ತದೆ?” ಎಂಬ ಪ್ರಶ್ನೆಗೆ ಪ್ರಶಿಕ್ಷಣಾರ್ಥಿನಿ ಕೊಟ್ಟ ಹೋಲಿಕೆ ನನಗೆ ತುಂಬ ಹಿಡಿಸಿತು. ತುಂಗಭದ್ರಾ ಕಾಲುವೆಯ ಕೊನೆ ಭಾಗದ ರೈತರ ಅಳಲನ್ನು ಪತ್ರಿಕೆಯಲ್ಲಿ ಓದದ ಮಕ್ಕಳು ನಮ್ಮ ಕಡೆ ಕಡಿಮೆ. ಕಾಗದದ ಮೇಲೆ ಎಲ್ಲರ ಹೊಲಕ್ಕೂ ನೀರುಂಟು. ಮೇಲ್ಭಾಗದವರು ಎಲ್ಲರೂ ಒಂದೇ ಹೊತ್ತಿಗೆ ತೂಬು ಎತ್ತಿದ ದಿನ ಕೊನೆಯ ಹೊಲಕ್ಕೆ ಹನಿಯೂ ಇಲ್ಲ. ಮೆಮೊರಿಯಲ್ಲೂ ಹಾಗೇ, ಇರುವುದಕ್ಕಿಂತ ಹೆಚ್ಚು ಹಂಚಬಹುದು, ಎಲ್ಲರೂ ಒಟ್ಟಿಗೆ ಕೇಳುವವರೆಗೆ ನಡೆಯುತ್ತದೆ. ಕೇಳಿದ ದಿನ ಲಿನಕ್ಸ್ ಕರ್ನಲ್ ತನ್ನನ್ನು ಉಳಿಸಿಕೊಳ್ಳಲು ಒಂದು ಪ್ರೋಗ್ರಾಂ ಅನ್ನು ಕೊಲ್ಲುತ್ತದೆ. ಸಾಮಾನ್ಯವಾಗಿ ಹೆಚ್ಚು ಮೆಮೊರಿ ಹಿಡಿದಿರುವುದೇ ಬಲಿ. ಅದು ಒಂದು ಅತಿಥಿಯೇ ಆಗಿರುವುದು ಹೆಚ್ಚು. ಇಲ್ಲಿ ಹೋಲಿಕೆ ತುಸು ತಪ್ಪುತ್ತದೆ ಎಂಬುದನ್ನೂ ಮಕ್ಕಳಿಗೆ ಹೇಳಬೇಕು: ಕಾಲುವೆಯಲ್ಲಿ ಒಣಗುವವನು ಕೊನೆಯವನು, ಇಲ್ಲಿ ಸಾಯುವವನು ದೊಡ್ಡ ಹೊಟ್ಟೆಯವನು.

ಡಿಸ್ಕಿನ ಕಥೆಯೂ ಇದೇ ಜಾತಿಯದು. ಅತಿಥಿಯ ಡಿಸ್ಕ್ ಎಂದರೆ ಆತಿಥೇಯದಲ್ಲಿರುವ ಒಂದು ಕಡತ. ‘ಕ್ಯೂಕೌ2’ ಎಂಬ ಬಗೆಯಲ್ಲಿ ಮಾಡಿದರೆ ಅದು 20 ಜಿಬಿ ಎಂದು ಹೇಳಿಕೊಂಡರೂ ಬರೆದಷ್ಟೇ ಬೆಳೆಯುತ್ತದೆ. ಆತಿಥೇಯದ ಡಿಸ್ಕ್ ತುಂಬಿದರೆ, ಬರೆಯಲು ಹೊರಟ ಅತಿಥಿಗಳು ಇದ್ದಲ್ಲೇ ತಟಸ್ಥವಾಗಿ ನಿಲ್ಲುತ್ತವೆ; ಪಟ್ಟಿಯಲ್ಲಿ ‘ಪಾಸ್ಡ್’ ಎಂದು ಕಾಣುತ್ತದೆ. ಗಾಬರಿ ಬೇಡ, ಜಾಗ ಮಾಡಿಕೊಟ್ಟು ‘ವರ್ಶ್ ರೆಸ್ಯೂಮ್’ ಎಂದರೆ ಮುಂದುವರಿಯುತ್ತವೆ. ಡಿಸ್ಕ್ ಎಷ್ಟು ತುಂಬಿದೆ ಎಂದು ವಾರಕ್ಕೊಮ್ಮೆ ನೋಡುವ ಕೆಲಸವನ್ನು ಒಬ್ಬ ವಿದ್ಯಾರ್ಥಿಗೆ ವಹಿಸಿದ್ದೆವು. ಅವನು ಒಂದು ದಿನವೂ ತಪ್ಪಿಸಲಿಲ್ಲ.

ಮೂಲಪ್ರತಿ ಕೆಟ್ಟ ದಿನ

ಆರು ಸಲ ಉಬುಂಟು ಅಳವಡಿಸುತ್ತ ಕೂತರೆ ವಾರ ಬೇಕು. ಒಮ್ಮೆ ಅಳವಡಿಸಿ, ಆ ಡಿಸ್ಕ್ ಕಡತವನ್ನು ಮೂಲವಾಗಿಟ್ಟು, ಅದರ ಮೇಲೆ ಗುಂಪಿಗೊಂದು ಮೇಲ್ಪದರ ಮಾಡುವುದು ಜಾಣತನ. ಅಕ್ಷರಾಭ್ಯಾಸದ ಹೊತ್ತಿಗೆ ಮೇಲ್ಪಂಕ್ತಿಯ ಹಾಳೆಯ ಮೇಲೆ ತೆಳು ಕಾಗದವಿಟ್ಟು ತಿದ್ದುತ್ತೇವಲ್ಲ, ಹಾಗೆ. ಮಗು ಬರೆದದ್ದೆಲ್ಲ ತೆಳು ಕಾಗದದ ಮೇಲೆ. ಕೆಳಗಿನ ಹಾಳೆಗೆ ಕಲೆಯಿಲ್ಲ. ಹಾಳಾದರೆ ಕಾಗದ ಎಸೆದು ಹೊಸದನ್ನಿಡುವುದು. ‘ಕ್ಯೂಎಮು-ಐಎಂಜಿ ಕ್ರಿಯೇಟ್’ ಆಜ್ಞೆಗೆ ಮೂಲ ಕಡತದ ಹೆಸರನ್ನೂ ಅದರ ಬಗೆಯನ್ನೂ ಕೊಟ್ಟರೆ ಕ್ಷಣದಲ್ಲಿ ಮೇಲ್ಪದರ ಸಿದ್ಧ. ಆರಂಭದಲ್ಲಿ ಅದರ ಗಾತ್ರ ಒಂದು ಎಂಬಿಗಿಂತಲೂ ಕಡಿಮೆ.

ಪ್ರಾಯೋಗಿಕದ ಎರಡನೆಯ ವಾರ ನಮಗೆ ಪೆಟ್ಟು ಬಿತ್ತು. ಒಬ್ಬ ಪ್ರಶಿಕ್ಷಣಾರ್ಥಿ ಒಳ್ಳೆಯ ಉದ್ದೇಶದಿಂದಲೇ ಮೂಲ ಯಂತ್ರವನ್ನು ಎಬ್ಬಿಸಿ, ಹೊಸ ಅಪ್‌ಡೇಟ್‌ಗಳನ್ನು ಹಾಕಿದ. ‘ಎಲ್ಲರಿಗೂ ಒಂದೇ ಸಲ ಸಿಗಲಿ’ ಎಂದು. ಕೆಳಗಿನ ಹಾಳೆಯ ಅಕ್ಷರ ಬದಲಾದರೆ ಮೇಲೆ ತಿದ್ದಿದ್ದು ಯಾವುದಕ್ಕೂ ಹೊಂದುವುದಿಲ್ಲ. ಆರೂ ಅತಿಥಿಗಳು ಕೆಟ್ಟವು. ಎರಡು ಏಳಲೇ ಇಲ್ಲ. ನಾಲ್ಕು ಎದ್ದರೂ ಕಡತಗಳು ಕಲಸಿಹೋಗಿದ್ದವು. ಮಕ್ಕಳು ಎರಡು ವಾರ ಬರೆದ ಪ್ರೋಗ್ರಾಂಗಳು ಹೋದವು. ಒಂದು ಗುಂಪಿನ ಹುಡುಗಿ ಮಾತ್ರ ತನ್ನದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಳು.

ತಪ್ಪು ಆ ಪ್ರಶಿಕ್ಷಣಾರ್ಥಿಯದಕ್ಕಿಂತ ನಮ್ಮದು. ಮೂಲವನ್ನು ಮುಟ್ಟಬಾರದು ಎಂದು ಬಾಯಲ್ಲಿ ಹೇಳಿದ್ದೆವೇ ಹೊರತು ಮುಟ್ಟಲಾಗದಂತೆ ಮಾಡಿರಲಿಲ್ಲ. ಈಗ ಮೂಲ ಕಡತವನ್ನು ‘ಓದಲು ಮಾತ್ರ’ ಎಂದು ಗುರುತಿಸಿದ್ದೇವೆ. ಅದರ ಯಂತ್ರವನ್ನು ಲಿಬ್‌ವರ್ಟ್ ಪಟ್ಟಿಯಿಂದಲೇ ತೆಗೆದಿದ್ದೇವೆ. ಕಡತ ಇದೆ, ಎಬ್ಬಿಸಲು ಹೆಸರಿಲ್ಲ. ಹೊಸ ಅಪ್‌ಡೇಟ್ ಬೇಕಾದರೆ ಮೂಲದ ಪೂರ್ತಿ ನಕಲು ಮಾಡಿ, ನಕಲನ್ನು ಹೊಸ ಮೂಲವಾಗಿಸುತ್ತೇವೆ. ಮಕ್ಕಳ ಕೆಲಸ ಪ್ರತಿ ಶನಿವಾರ ಬೇರೆ ಕಂಪ್ಯೂಟರಿಗೆ ನಕಲಾಗುತ್ತದೆ. ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ ಎಂಬ ವಾಕ್ಯವನ್ನು ನಾನು ಎಷ್ಟೋ ಸಲ ಪಾಠದಲ್ಲಿ ಹೇಳಿದ್ದೆ. ಅದೇ ಡಿಸ್ಕಿನಲ್ಲಿರುವ ನೆನಪು ಅದೇ ಡಿಸ್ಕಿನ ಜೊತೆಗೇ ಹೋಗುತ್ತದೆ ಎಂಬುದು ಆ ದಿನದ ತನಕ ನನಗೂ ಬರೀ ವಾಕ್ಯವಾಗಿತ್ತು.

ಮೂಲಪ್ರತಿಯ ಇನ್ನೊಂದು ತೊಡಕು: ಮೂಲದ ಗುರುತಿನ ಸಂಖ್ಯೆಯೂ ಎಲ್ಲರಿಗೂ ನಕಲಾಗುತ್ತದೆ. ಎರಡು ಅತಿಥಿಗಳು ಒಂದೇ ಐಪಿ ವಿಳಾಸ ಹಿಡಿದು, ಒಂದಕ್ಕೆ ಲಾಗಿನ್ ಆದರೆ ಇನ್ನೊಂದು ತೆರೆಯುವ ಚೋದ್ಯ ನಡೆಯಿತು. ಮೂಲವನ್ನು ಮುಚ್ಚಿಡುವ ಮೊದಲು ಅದರೊಳಗಿನ ‘ಮಷೀನ್-ಐಡಿ’ ಕಡತವನ್ನು ಖಾಲಿ ಮಾಡಿದರೆ ಪ್ರತಿ ಅತಿಥಿ ಎದ್ದಾಗ ತನ್ನದೇ ಸಂಖ್ಯೆ ಮಾಡಿಕೊಳ್ಳುತ್ತದೆ.

ಜಾಲ, ಮತ್ತು ಹರಪನಹಳ್ಳಿಯ ಉದಾಹರಣೆ

ಲಿಬ್‌ವರ್ಟ್ ತಾನಾಗಿ ಕೊಡುವ ಜಾಲ 192.168.122ರಿಂದ ಆರಂಭವಾಗುವ ಒಳವಿಳಾಸಗಳದು. ಅತಿಥಿಗಳು ಹೊರಗೆ ಹೋಗಬಲ್ಲವು. ಹೊರಗಿನವರು ನೇರವಾಗಿ ಒಳಬರಲಾರರು. ಪಾಠಕ್ಕೆ ಇದೇ ಕ್ಷೇಮ. ಪ್ರಯೋಗಾಲಯದ ಇತರ ಕಂಪ್ಯೂಟರುಗಳಿಂದ ಅತಿಥಿಯನ್ನು ತಲುಪಬೇಕಾದರೆ ಬ್ರಿಡ್ಜ್ ಕಟ್ಟಬೇಕು. ಅದನ್ನು ಸರ್ವರಿನ ಎದುರೇ ಕೂತು, ಕೇಬಲ್ ಜಾಲದ ಮೇಲೆ ಮಾಡಬೇಕು. ವೈಫೈ ಮೇಲೆ ಸಾಮಾನ್ಯವಾಗಿ ಬ್ರಿಡ್ಜ್ ಕೂರುವುದಿಲ್ಲ. ದೂರದಿಂದ ಲಾಗಿನ್ ಆಗಿ ಅದೇ ಜಾಲವನ್ನು ಬದಲಿಸಲು ಹೋದರೆ ಕೂತ ಕೊಂಬೆಯನ್ನೇ ಕಡಿದಂತೆ.

ಒಂದು ಆತಿಥೇಯದಿಂದ ಇನ್ನೊಂದಕ್ಕೆ ಓಡುತ್ತಿರುವ ಅತಿಥಿಯನ್ನೇ ಸಾಗಿಸುವ ಲೈವ್ ಮೈಗ್ರೇಶನ್ ತೋರಿಸಲು ನಮ್ಮಲ್ಲಿ ಎರಡನೆಯ ಸರ್ವರ್ ಇಲ್ಲ. ಬಾಯಿಮಾತಿನಲ್ಲೇ ಹೇಳಬೇಕಾಯಿತು. ಹರಪನಹಳ್ಳಿ ಕಡೆಯ ಮಕ್ಕಳಿಗೆ ಈ ಉದಾಹರಣೆ ಮನೆಯಲ್ಲೇ ಇದೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಬಳ್ಳಾರಿಯಿಂದ ಅಲ್ಲಿಗೆ ಹೋದ ತಾಲ್ಲೂಕು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಮನೆ ಅದೇ, ಹೊಲ ಅದೇ, ಸಂತೆ ಅದೇ. ನಿಂತ ಕಾಲ ಮೇಲೆ ಆತಿಥೇಯ ಮೂರು ಸಲ ಬದಲಾಯಿತು. “ಹಂಗಾರೆ ಏನೂ ಬದಲಾಗಲ್ವಾ ಮೇಡಂ?” ಎಂದು ಒಬ್ಬಳು ಕೇಳಿದಳು. ಬದಲಾಗುತ್ತದೆ: ಅರ್ಜಿಯಲ್ಲಿ ಬರೆಯುವ ಜಿಲ್ಲೆಯ ಹೆಸರು, ಹೋಗಬೇಕಾದ ಕಚೇರಿ. ಅತಿಥಿಯೂ ಹಾಗೇ, ಹೊಸ ಆತಿಥೇಯದಲ್ಲಿ ಅದೇ ಹೆಸರಿನ ಬ್ರಿಡ್ಜ್ ಇರಬೇಕು, ಡಿಸ್ಕ್ ಕಡತ ಅಲ್ಲಿಂದಲೂ ಸಿಗಬೇಕು, ಸಿಪಿಯು ಸರಿಸುಮಾರು ಒಂದೇ ಬಗೆಯದಿರಬೇಕು. ಇಲ್ಲದಿದ್ದರೆ ಸಾಗಣೆ ನಡೆಯದು, ನಡೆದರೂ ಅತಿಥಿಗೆ ಜಾಲ ಸಿಗದು.

‘ಡಿಸ್ಟ್ರಾಯ್’ ಎಂದರೆ

ಪ್ರಾಯೋಗಿಕದಲ್ಲಿ ಹೆಚ್ಚು ಹೆದರಿಸಿದ ಪದ ಇದು. ‘ವರ್ಶ್ ಶಟ್‌ಡೌನ್’ ಎಂದರೆ ಅತಿಥಿಗೆ ‘ಮಲಗು’ ಎಂದು ಹೇಳಿದಂತೆ; ಕೇಳುವುದು ಬಿಡುವುದು ಅದಕ್ಕೆ ಬಿಟ್ಟದ್ದು. ‘ವರ್ಶ್ ಡಿಸ್ಟ್ರಾಯ್’ ಎಂದರೆ ಪ್ಲಗ್ ಎಳೆದಂತೆ. ಹೆಸರು ಭಯಂಕರವಾದರೂ ಡಿಸ್ಕ್ ಅಳಿಸುವುದಿಲ್ಲ. ನಿಜವಾಗಿ ಎಚ್ಚರ ಬೇಕಾದದ್ದು ಸಾಧುವಾಗಿ ಕೇಳುವ ‘ಅನ್‌ಡಿಫೈನ್’ಗೆ, ಅದರಲ್ಲೂ ಎಲ್ಲ ಡಿಸ್ಕುಗಳನ್ನೂ ತೆಗೆ ಎಂಬ ಆಯ್ಕೆ ಜೊತೆಗಿದ್ದಾಗ. ಪದದ ನಿಘಂಟಿನ ಅರ್ಥ ಹೇಳಿ ಆಜ್ಞೆ ಕಲಿಸುವ ಪ್ರಶಿಕ್ಷಣಾರ್ಥಿಗಳು ಇಲ್ಲಿ ಎಡವುತ್ತಾರೆ. ಮಾಡಿ ತೋರಿಸುವುದೊಂದೇ ದಾರಿ: ಡಿಸ್ಟ್ರಾಯ್ ಕೊಡಿ, ಮತ್ತೆ ‘ಸ್ಟಾರ್ಟ್’ ಕೊಡಿ, ಮಕ್ಕಳೇ ನೋಡಲಿ.

ನಮ್ಮ ಕಡೆ ಕರೆಂಟು ತಾನೇ ಡಿಸ್ಟ್ರಾಯ್ ಆಜ್ಞೆ ಕೊಡುವುದುಂಟು. ಯುಪಿಎಸ್ ಇರಲೇಬೇಕು. ಸರ್ವರ್ ಕ್ರಮವಾಗಿ ಮುಚ್ಚುವಾಗ ಅತಿಥಿಗಳನ್ನು ಮೊದಲು ಮಲಗಿಸಲು ‘ಲಿಬ್‌ವರ್ಟ್-ಗೆಸ್ಟ್ಸ್’ ಎಂಬ ಸೇವೆ ಚಾಲೂ ಇರಬೇಕು. ಮತ್ತೆ ಕರೆಂಟು ಬಂದಾಗ ಯಾವ ಅತಿಥಿ ತಾನಾಗಿ ಏಳಬೇಕೋ ಅದಕ್ಕೆ ‘ಆಟೋಸ್ಟಾರ್ಟ್’ ಗುರುತು ಹಾಕಬೇಕು.

ಕೆಡಿಸುವ ಅಭ್ಯಾಸ

ಮೌಲ್ಯಮಾಪನಕ್ಕೆ ಪ್ರಶ್ನೆಪತ್ರಿಕೆ ಕೊಡಲಿಲ್ಲ. ಪ್ರತಿ ಗುಂಪೂ ತನ್ನ ಅತಿಥಿಯೊಳಗೆ ‘ಬೂಟ್’ ಕಡತಕೋಶವನ್ನು ಅಳಿಸಿ ಮರುಚಾಲನೆ ಮಾಡಬೇಕು. ಪರದೆಯ ಮೇಲೆ ‘ಗ್ರಬ್ ರೆಸ್ಕ್ಯೂ’ ಎಂದು ಬಂದು ನಿಂತಾಗ, ಏನಾಯಿತೆಂದು ತಮ್ಮ ಮಾತಿನಲ್ಲಿ ಎರಡು ಸಾಲು ಬರೆಯಬೇಕು. ಅನಂತರ ಹಳೆಯ ಮೇಲ್ಪದರ ತೆಗೆದು ಹೊಸದು ಮಾಡಿ, ಯಂತ್ರವನ್ನು ಎಬ್ಬಿಸಬೇಕು. ಮೊದಲ ಆಜ್ಞೆಗೆ ಯಾರೂ ಮುಂದಾಗಲಿಲ್ಲ. ಒತ್ತಿದರೆ ಬೈಯುತ್ತಾರೆ ಎಂಬ ಅಂಜಿಕೆ ಕೈಯಲ್ಲೇ ಕೂತಿತ್ತು. ಕಡೆಗೆ ನೋಟ್‌ಬುಕ್ಕಿನಲ್ಲಿ ಪ್ರೋಗ್ರಾಂ ಬರೆದಿಟ್ಟಿದ್ದ ಹುಡುಗಿಯೇ ಒತ್ತಿದಳು. ಆರು ಗುಂಪುಗಳಲ್ಲಿ ಐದು ಒಂದು ಗಂಟೆಯೊಳಗೆ ಮತ್ತೆ ಎದ್ದು ನಿಂತವು. ಆರನೆಯದು ಬೂಟ್ ಕೋಶವನ್ನು ಅತಿಥಿಯ ಬದಲು ಆತಿಥೇಯದಲ್ಲಿ ಅಳಿಸಲು ಹೊರಟಿತ್ತು. ಮಕ್ಕಳ ಖಾತೆಗೆ ಅಲ್ಲಿ ಅನುಮತಿ ಇರಲಿಲ್ಲವಾದ್ದರಿಂದ ಬಚಾವಾದೆವು. ಅಂದಿನಿಂದ ಆತಿಥೇಯದ ಆಜ್ಞಾಸಾಲಿನ ಬಣ್ಣವನ್ನು ಕೆಂಪು ಮಾಡಿದ್ದೇವೆ, ಅತಿಥಿಗಳದು ಹಸಿರು.

ಈ ಪಾಠವನ್ನು ಮುಂದಿನ ತಂಡದವರು ತೆಗೆದುಕೊಳ್ಳುವುದಾದರೆ ಒಂದು ವಿಸ್ತರಣೆ ಸೂಚಿಸುತ್ತೇನೆ. ಹಳೆಯ ನುಡಿ ತಂತ್ರಾಂಶದಲ್ಲಿ, ಯೂನಿಕೋಡ್ ಬರುವ ಮುಂಚಿನ ಅಕ್ಷರಗಳಲ್ಲಿ ಟೈಪಾದ ಕಡತಗಳು ಶಾಲೆಗಳಲ್ಲಿ ಇನ್ನೂ ರಾಶಿ ಬಿದ್ದಿವೆ. ಪರವಾನಗಿ ಇರುವ ಹಳೆಯ ವಿಂಡೋಸ್ ಒಂದನ್ನು ಅತಿಥಿಯಾಗಿಟ್ಟು, ಜಾಲಕ್ಕೆ ಜೋಡಿಸದೆ, ಅದರಲ್ಲಿ ಆ ಕಡತಗಳನ್ನು ತೆರೆದು ಯೂನಿಕೋಡಿಗೆ ತರುವ ಕೆಲಸವನ್ನು ಮಕ್ಕಳಿಗೆ ಕೊಡಬಹುದು. ಅಂಕಪಟ್ಟಿ, ದಾಖಲಾತಿ ವಹಿಗಳ ಕಡತಗಳನ್ನು ಮಾತ್ರ ಮಕ್ಕಳು ಕೆಡಿಸಿ ಕಲಿಯುವ ಈ ಸರ್ವರಿನಲ್ಲಿ ಇಡಬೇಡಿ.